ಹದಿನೇಳನೆಯ ಪುಟ

ಭಾನುವಾರ, ಜೂನ್ ೯

ನನ್ನ ಮಸಿಗೈ ತಂಗಿಗೆ,

ಹೇಗಿದ್ದೀ ಎಂದು ಕೇಳುವುದಿಲ್ಲ. ಚೆನ್ನಾಗಿದ್ದೀ ಎಂದು ಊರಿಗೆಲ್ಲ ಗೊತ್ತು.

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಆ ಸಿನಿಮಾ ನಿರ್ದೇಶಕರು ಇನ್ನೂ ಮೂರು ಪುಸ್ತಕ ಬರೆಯುತ್ತಾರಂತೆ, ಚಿತ್ರ ನೀನೇ ಬರೆಯಬೇಕಂತೆ, ಅಕ್ಕ ಬೇಡ ಎಂದರೆ ಬಿಡುತ್ತೀಯಂತೆ. ಎಂಥ ಜಾಣೆಯೇ ನೀನು! ಕೆಟ್ಟವಳಾಗುವ ಕೆಲಸವನ್ನು ನನ್ನ ತಲೆಗೇ ಕಟ್ಟಿದೆ.

ಹನ್ನೊಂದು ವರ್ಷ ನಮ್ಮ ಕಾಮಿಕ್ಸಿನ ಸಿಡಿಲಕ್ಕನಿಗೆ ಮಾತು ನನ್ನದು, ಮೈ ನಿನ್ನದು. ಅಂಗೈಯಲ್ಲಿ ಸಿಡಿಲು ಹಿಡಿಯುವ ಹೆಂಗಸನ್ನು ನಾವಿಬ್ಬರೂ ಅಡುಗೆಮನೆಯ ಮೇಜಿನ ಮೇಲೆ ಹುಟ್ಟಿಸಿದೆವು. ಐವತ್ತನೆಯ ಸಂಚಿಕೆ ಬರುವ ಹೊತ್ತಿಗೆ ಪ್ರಕಾಶಕರಿಗೆ ದೊಡ್ಡ ಹೆಸರು ಬೇಕಾಯಿತು. ನನ್ನ ಜಾಗಕ್ಕೆ ಈ ಸಿನಿಮಾದವರು ಬಂದರು. ಹೊಸ ನೀರು ಬಂದು ಹಳೇ ನೀರನ್ನು ಕೊಚ್ಚಿಕೊಂಡು ಹೋಯಿತು. ನನಗೇನೂ ಬೇಜಾರಿಲ್ಲ ಎಂದು ಆಗ ಹೇಳಿದ್ದೆನಲ್ಲ, ಅದು ಸುಳ್ಳು. ಹೊಟ್ಟೆ ಉರಿದು ಬೂದಿಯಾಯಿತು ಕಣೇ.

ಅವರಿಗೆ ಈ ಕೆಲಸ ಬರುವುದಿಲ್ಲ. ಒಂದೇ ಚೌಕದಲ್ಲಿ ಬಾಗಿಲು ತೆಗೆಯುತ್ತಾಳೆ, ಒಳಗೆ ಬರುತ್ತಾಳೆ, ಕುರ್ಚಿ ಎಳೆದು ಕೂತು ಅಳುತ್ತಾಳೆ ಎಂದು ಬರೆಯುತ್ತಾರೆ. ನಿಂತ ಚಿತ್ರ ಅಷ್ಟೆಲ್ಲ ಮಾಡೀತೇ? ಇದು ನನಗೆ ಹೇಗೆ ಗೊತ್ತು ಎಂದು ಕೇಳಬೇಡ, ನೀನೇ ಯಾವಾಗಲೋ ಹೇಳಿರಬೇಕು. ಅವರು ಟೈಪ್ ಮಾಡಿದ ಹಾಳೆಗಳನ್ನು ಪ್ರಕಾಶಕರ ಕಚೇರಿಯವರು ಅಭ್ಯಾಸಬಲದಿಂದ ನನ್ನ ಮನೆಗೇ ಕಳಿಸಿದ್ದರು, ನಿಜ. ಕಚೇರಿಯವರ ಪಾಲಿಗೆ ಸಿಡಿಲಕ್ಕ ಎಂದರೆ ನನ್ನ ವಿಳಾಸ. ಕವರು ಒಡೆಯದೆ ನಿನಗೆ ರವಾನಿಸಿದೆ ಎಂದು ಫೋನಿನಲ್ಲಿ ಹೇಳಿದ್ದೆ. ಎಂಟು ದಿನ ತಡವಾದದ್ದಕ್ಕೆ ಅಂಚೆಯವರನ್ನು ಬೈದಿದ್ದೂ ನೆನಪಿರಬೇಕು.

ಪುಸ್ತಕ ಬಂದ ದಿನ ಅಂಗಡಿಯಲ್ಲಿ ನಿಂತೇ ಓದಿದೆ. ತಪ್ಪು ಹುಡುಕಲೆಂದೇ ಹೋಗಿದ್ದೆ. ಹದಿನೇಳನೆಯ ಪುಟದಲ್ಲಿ ಸಿಕ್ಕಿಬಿದ್ದೆ.

ಆ ಪುಟಕ್ಕೆ ನಿರ್ದೇಶಕರು ಬರೆದ ಹಾಳೆ ನಿನಗೆ ಬಂದಿರಲಿಲ್ಲ. ಕೇಳೋಣವೆಂದರೆ ಅವರು ಫೋನು ಹತ್ತದ ಕಡೆ ಚಿತ್ರೀಕರಣದಲ್ಲಿದ್ದರು. ಅಚ್ಚಿಗೆ ಎರಡೇ ದಿನ. ನೀನೇ ಧೈರ್ಯ ಮಾಡಿ ಮಾತಿಲ್ಲದ ಪುಟ ಬರೆದೆ. ಸಿಡಿಲಕ್ಕ ಮೆಟ್ಟಿಲ ಮೇಲೆ ಕೂತಿದ್ದಾಳೆ, ಎರಡೂ ಕೈ ಮಡಿಲಲ್ಲಿ ಬಿಚ್ಚಿಟ್ಟಿದ್ದಾಳೆ. ಎಡಗೈಯ ಕಿರುಬೆರಳು ಡೊಂಕು. ಚಿಕ್ಕವಳಿದ್ದಾಗ ನೀನು ಬಾಗಿಲು ಹಾಕಿ ಜಜ್ಜಿದ ನನ್ನ ಬೆರಳು. ಮೊದಲ ಸಂಚಿಕೆಯಿಂದಲೂ ನೀನು ನನ್ನ ಕೈ ನೋಡಿಕೊಂಡೇ ಅವಳ ಕೈ ಬರೆಯುತ್ತಿದ್ದೆ. ಈ ಸಲ ನಾನು ಎದುರಿಗೆ ಕೂತಿರಲಿಲ್ಲ, ಆದರೂ ಗೆಣ್ಣಿನ ಸುಕ್ಕೂ ತಪ್ಪಿಲ್ಲ. ಅಂಗಡಿಯವನು ಏನಮ್ಮಾ ಹುಷಾರಿಲ್ವಾ ಎಂದು ಸ್ಟೂಲು ಕೊಟ್ಟ.

ಎಲ್ಲರೂ ಆ ಪುಟವನ್ನೇ ಹೊಗಳುತ್ತಿದ್ದಾರೆ. ಹೊಗಳಿಕೆಯನ್ನು ನಿರ್ದೇಶಕರು ಜೇಬಿಗಿಳಿಸಿಕೊಂಡಿದ್ದರೆ ನನಗೆಷ್ಟೋ ಹಾಯಾಗಿರುತ್ತಿತ್ತು. ಆದರೆ ಬಿಡುಗಡೆಯ ದಿನ ವೇದಿಕೆಯಲ್ಲೇ, ಆ ಹಾಳೆ ಟೈಪ್ ಮಾಡಿದ ನೆನಪಿದೆ, ಎಲ್ಲೋ ಕಳೆದಿರಬೇಕು, ಕಳೆದದ್ದೇ ಒಳ್ಳೆಯದಾಯಿತು, ಅದು ಪೂರಾ ಆಕೆಯದೇ ಎಂದರಂತೆ. ಸಾಲದ್ದಕ್ಕೆ ಆ ಮನುಷ್ಯ ಒಳ್ಳೆಯವನೂ ಆಗಿರಬೇಕೇ?

ಇನ್ನು ನೀನು ಕೇಳಿದ್ದಕ್ಕೆ ಉತ್ತರ. ಬೇಡ ಎಂದು ಎರಡು ಸಲ ಬರೆದು ಹರಿದೆ. ಕೈಲಾಗದವನು ಮೈ ಪರಚಿಕೊಂಡ ಹಾಗೆ ನಾನು ಪರಚಿಕೊಂಡದ್ದು ಸಾಕು. ಮಾಡು. ಮೂರನ್ನೂ ಮಾಡು. ಒಂದು ಚೌಕದಲ್ಲಿ ಒಂದೇ ಕೆಲಸ ಎಂದು ಅವರಿಗೆ ಕಲಿಸು. ಮುಂದಿನ ಕವರುಗಳಿಗೆ ಮಾತ್ರ ನಿನ್ನ ವಿಳಾಸ ಕೊಡು, ನನ್ನ ಮನೆಗೆ ಬರುವುದು ಬೇಡ.

ಇಂತಿ,
ಬೆರಳೂ ಬುದ್ಧಿಯೂ ಡೊಂಕಾದ
ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಇಲ್ಲಿಯವರೆಗೆ ಧೈರ್ಯ ಬರಲಿಲ್ಲ. ಅಂಚೆಯವರ ತಪ್ಪೇನೂ ಇರಲಿಲ್ಲ. ಕವರು ಒಡೆದೆ, ಎಂಟು ದಿನ ಇಟ್ಟುಕೊಂಡೆ, ಮತ್ತೆ ಅಂಟಿಸಿದೆ. ಹದಿನೇಳನೆಯ ಹಾಳೆ ಇದರ ಜೊತೆಗಿದೆ. ಸಿಡಿಲಿಗೆ ಹೆದರಿಕೆಯಾಗಲಿಲ್ಲವೇ ಎಂದು ಯಾರೋ ಕೇಳಿದಾಗ ಅದರಲ್ಲಿ ಸಿಡಿಲಕ್ಕ ಹೇಳುತ್ತಾಳೆ: ಆಯಿತು, ಆದರೆ ಹಿಡಿಯೋಕೆ ಬೇರೆ ಯಾರೂ ಇರಲಿಲ್ಲ, ಅದಕ್ಕೇ ಕೈ ಚಾಚಿದೆ. ಹನ್ನೊಂದು ವರ್ಷ ನಾನು ಹುಡುಕಿದ ಮಾತು. ಹಾಳೆಯನ್ನು ನಿರ್ದೇಶಕರಿಗೆ ಕೊಡು, ಕದ್ದವರು ಯಾರೆಂದೂ ಹೇಳು. ಕೆಟ್ಟದಾಗಿ ಬರೆದಿದ್ದರೆ ಕದಿಯುತ್ತಿರಲಿಲ್ಲ ಕಣೇ.