ಹಾಳೆಯಲ್ಲಿ ಕೊರೆದ ಪಾದ

ಕುಂಬ್ಡಾಜೆ
18-10-2004

ಇವರಿಗೆ ಪಂಕಜಾಕ್ಷಿಯ ನಮಸ್ಕಾರ.

ನಿಮ್ಮ ಜೊತೆ ಕೆಲಸ ಮಾಡುವ ಕೃಷ್ಣಕುಮಾರ ಶಾರ್ಜಾದಿಂದ ಬಂದವನು ಮೊನ್ನೆ ಬೂಟಿನ ಕಟ್ಟು ತಲುಪಿಸಿದ. ನಿಮ್ಮ ಕಾಗದವೂ ಸಿಕ್ಕಿತು. ಉತ್ತರವನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಇರುವುದು ಭಾವನವರ ಮನೆಯ ಜಗಲಿಯಲ್ಲಿ. ದೀಪಾವಳಿಯೊಳಗೆ ಮರದ ಹಾಲು ತೆಗೆಯಲು ಖಾಯಂ ಟ್ಯಾಪರ್ ಸಿಗದಿದ್ದರೆ ನಮ್ಮ ರಬ್ಬರ್ ತೋಟವನ್ನು ಅವರಿಗೇ ಗುತ್ತಿಗೆಗೆ ಕೊಡುವುದೆಂದು ನೀವು ಬರೆದಿರುವಾಗ, ಆ ಜಗಲಿಯಲ್ಲಿ ನಿಂತು ಮಾತನಾಡುವುದು ನನಗೆ ಸರಿ ಕಾಣಲಿಲ್ಲ.

ಮೊದಲು ಬೂಟಿನ ವಿಷಯ. ಗೋಡೌನಿಗೆ ಬಂದ ಜರ್ಮನ್ ಮಿಲಿಟರಿಯ ಹಳೆಯ ಮಾಲು, ನಂಬರು ನಮ್ಮದರ ಹಾಗಿಲ್ಲ, ಟ್ಯಾಪರಿಗೆ ಹಾಕಿಸಿ ನೋಡಿ ತಿಳಿಸು ಎಂದಿದ್ದಿರಿ. ಅಟ್ಟೆಯಲ್ಲಿ 1978 ಎಂದು ಒತ್ತಿದೆ. ಒಳಗೆ 255, ಅದರ ಪಕ್ಕದಲ್ಲಿ 94. ಬದಿಯಡ್ಕದ ಸುಧೀರನ ಚಪ್ಪಲಿ ಅಂಗಡಿಗೆ ಒಂದು ಬೂಟು ತೆಗೆದುಕೊಂಡು ಹೋದೆ. ಅವನು ಒಳಗೆ ಇಣುಕಿ, "ಇದೆಂತ ಅಕ್ಕ, ಶೂವಿನ ನಂಬರಾ, ಲಾರಿಯ ನಂಬರಾ?" ಎಂದ. ಮತ್ತೆ ತನ್ನಲ್ಲಿದ್ದ ಆರನ್ನೂ ಏಳನ್ನೂ ಅದರ ಮಗ್ಗುಲಿಗಿಟ್ಟು, "ಆರೂವರೆ ಹೇಳಬಹುದು. ಆದರೆ ಇದು ಆರೂವರೆಯ ಅಗಲ ಅಲ್ಲ" ಎಂದ.

ಮನೆಗೆ ಬಂದು ಸ್ಕೇಲು ಹಿಡಿದಾಗ ಅರ್ಥವಾಯಿತು. ನಮ್ಮ ಆರು, ಏಳು ಎಂಬುದು ಶೂವಿನ ಹೆಸರು ಮಾತ್ರ. ಜರ್ಮನಿಯವರದು ಕಾಲಿನ ಅಳತೆ. 255 ಎಂದರೆ ಹಿಮ್ಮಡಿಯಿಂದ ಎಲ್ಲಕ್ಕಿಂತ ಉದ್ದದ ಬೆರಳಿನ ತುದಿಯವರೆಗೆ ಅಷ್ಟು ಮಿಲಿಮೀಟರ್. 94 ಎಂದರೆ ಬೆರಳುಗಳ ಬುಡದಲ್ಲಿ ಪಾದದ ಅಗಲ. ಬೂಟಿನ ಒಳಭಾಗ 255ಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಉದ್ದ ಉಂಟು. ಅದು ಬೆರಳು ಆಡಲು ಬಿಟ್ಟ ಜಾಗ ಇರಬೇಕು.

ನಮ್ಮ ಟ್ಯಾಪಿಂಗಿನವರ ಪಾದ ಉದ್ದ 243, ಅಗಲ 97. ಹೀಗಾಗಿ ಬೂಟು ಉದ್ದದಲ್ಲಿ ಹೆಚ್ಚಾಯಿತು, ಅಗಲದಲ್ಲಿ ಬಿಗಿಯಾಯಿತು. ಉದ್ದದಲ್ಲಿ ಇದಕ್ಕಿಂತ ಸಣ್ಣದು ಆ ಮಾಲಿನಲ್ಲಿ ಇರಲಿಲ್ಲವೆಂದು ನೀವೇ ಬರೆದಿದ್ದೀರಿ. ಅಗಲದ ತಪ್ಪು ನನ್ನದೇ. ಬೂಟಿನೊಳಗೆ ಹಾಕಿ ನೋಡಲು ನಿಮಗೆ ಅನುಕೂಲವಾಗಲೆಂದು ಅಡಿಕೆ ಹಾಳೆಯಲ್ಲಿ ಪಾದದ ಆಕಾರ ಕೊರೆದು ಕಳುಹಿಸಿದ್ದೆ. ಹಾಳೆ ಹಸಿಯಿತ್ತು. ಒಣಗಿದಾಗ ಅದು ಉದ್ದಕ್ಕೆ ಅಷ್ಟಾಗಿ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ನಿಮ್ಮಲ್ಲಿಗೆ ತಲುಪುವಾಗ ಅದು ಸಪೂರ ಕಾಲಿನ ಯಾರದೋ ಪಾದವಾಗಿತ್ತು.

ಆದರೂ ಬೂಟನ್ನು ಹಿಂದೆ ಕಳುಹಿಸುವ ಅಗತ್ಯವಿಲ್ಲ. ಬದಿಗಳಿಗೆ ತೆಂಗಿನೆಣ್ಣೆ ಹಚ್ಚಿ, ಒದ್ದೆ ಬಟ್ಟೆ ಗಿಡಿದು ಇಟ್ಟ ಮೇಲೆ ಚರ್ಮ ಸ್ವಲ್ಪ ಬಿಟ್ಟುಕೊಟ್ಟಿತು. ಉದ್ದಕ್ಕೆ ಬೇರೆ ಉಪಾಯ. ಲೈಬ್ರರಿಯಿಂದ ತರುವ ಅನುವಾದದ ಕಾದಂಬರಿಗಳಲ್ಲಿ ಸೈನಿಕರು ಕಾಲುಚೀಲದ ಬದಲು ಬಟ್ಟೆ ಸುತ್ತಿಕೊಳ್ಳುವುದನ್ನು ಓದಿದ್ದೆ. ನಿಮ್ಮ ಹಳೆಯ ಮುಂಡು ಪಂಚೆಯೊಂದನ್ನು ಹರಿದು ಹಾಗೆಯೇ ಮಾಡಿದೆ. ಈಗ ಹಿಮ್ಮಡಿ ಜಾರುವುದಿಲ್ಲ. ಕಳೆದ ತಿಂಗಳು ಮೇಲಿನ ಸಾಲಿನಲ್ಲಿ ಕೊಳಕುಮಂಡಲ ಹಾವು ಕಾಣಿಸಿಕೊಂಡ ಮೇಲೆ ಬರಿಗಾಲಿನಲ್ಲಿ ಬೆಳಗಿನ ಕತ್ತಲೆಗೆ ತೋಟಕ್ಕಿಳಿಯಲು ಧೈರ್ಯವಿರಲಿಲ್ಲ. ಈಗ ಉಂಟು.

"ಜರ್ಮನಿಯವರು ಇಷ್ಟು ಸಣ್ಣ ಕಾಲಿನವನನ್ನು ಮಿಲಿಟರಿಗೆ ಸೇರಿಸಿರಲಿಕ್ಕಿಲ್ಲ ಮಾರಾಯ್ತಿ, ನಿನ್ನ ಟ್ಯಾಪರ್ ಎಂತ ಶಾಲೆಗೆ ಹೋಗುವವನಾ?" ಎಂದು ಬರೆದಿದ್ದೀರಿ. ಶಾಲೆಗೆ ಹೋಗುವ ಪ್ರಾಯವಲ್ಲ, ಮೂವತ್ತೆಂಟು ಆಗಿದೆ. ಟ್ಯಾಪಿಂಗ್ ತರಬೇತಿ ಪಡೆದವರು. ಮೊದಲಿನವನು ಅವಸರದಲ್ಲಿ ಕತ್ತಿ ಆಳಕ್ಕೆ ಇಳಿಸಿ ಮರಗಳಿಗೆ ಮಾಡಿದ ಗಾಯ ಈಗ ಮಾಯುತ್ತಿದೆ. ಇವರ ಕೈ ನಿಧಾನ, ಆದರೆ ತೊಗಟೆ ಹಾಳಾಗುವುದಿಲ್ಲ. ರಬ್ಬರ್ ಶೀಟು ಚೆನ್ನಾಗಿ ಬರುತ್ತಿದೆ. ಬದಿಯಡ್ಕದ ವ್ಯಾಪಾರಿ ಈ ಸಲ ಗ್ರೇಡಿನ ಬಗ್ಗೆ ತಕರಾರು ಮಾಡಲಿಲ್ಲ.

ನಾಳೆ ಕೈಕೊಟ್ಟು ಹೋದರೆ ಏನು ಮಾಡುತ್ತಿ ಎಂದೂ ಕೇಳಿದ್ದೀರಿ. ಇವರು ಹೋಗುವವರಲ್ಲ. ಮನೆ ತೋಟದ ಹತ್ತಿರವೇ. ಆದ್ದರಿಂದ ತೋಟವನ್ನು ಗುತ್ತಿಗೆಗೆ ಕೊಡುವ ಮಾತು ಇನ್ನು ಬೇಡ, ಹಾಗೆಂದು ಭಾವನವರಿಗೆ ನೀವೇ ತಿಳಿಸಬೇಕು. ಅವರ ಮನೆಯಲ್ಲಿ ಪುಷ್ಪಾವತಿ ಅಕ್ಕ ಈಗಾಗಲೇ, "ಪಂಕಜ, ಆ ಶೀಟಿನ ಮಿಷಿನು ನಮ್ಮ ಕೊಟ್ಟಿಗೆಯಲ್ಲಿ ಇಡಬಹುದಲ್ಲ, ನಿನಗೆ ಇನ್ನು ಎಂತಕ್ಕೆ?" ಎಂದು ಕೇಳಿಯಾಗಿದೆ. ಕೆಲಸ ಉಂಟಲ್ಲ ಅಕ್ಕ ಎಂದಷ್ಟೇ ಹೇಳಿದೆ. ನೀವು ಇಲ್ಲದ ಈ ನಾಲ್ಕು ವರ್ಷಗಳಲ್ಲಿ ನಾನೇ ನಿಭಾಯಿಸಿದ್ದು ಎಂದು ತೋರಿಸಲು ನನಗೆ ಇರುವುದು ಆ ತೋಟ ಒಂದೇ.

ಇನ್ನೊಂದು ವಿಷಯ. ಎಡಗಾಲಿನ ಬೂಟಿನೊಳಗೆ ನಾನು ಕಳುಹಿಸಿದ ಹಾಳೆ ಹಾಗೆಯೇ ಇತ್ತು. ಅದರ ಎರಡನೇ ಬೆರಳು ಹೆಬ್ಬೆರಳಿನ ಸಮಕ್ಕೆ ಕತ್ತರಿಸಿಹೋಗಿತ್ತು. ಕೃಷ್ಣಕುಮಾರನನ್ನು ಕೇಳಿದೆ. ಅವನು ನಗುತ್ತಾ, "ಅಣ್ಣ ಗೋಡೌನಿನಲ್ಲೇ ಕತ್ತರಿ ಹಾಕಿದರು ಅಕ್ಕ. ಇವಳಿಗೆ ಒಂದು ಕಾಲು ನೆಟ್ಟಗೆ ಕೊರೆಯಲಿಕ್ಕೂ ಬರುವುದಿಲ್ಲ, ಕತ್ತಿ ಜಾರಿದೆ ಹೇಳಿದರು" ಎಂದ. ಕತ್ತಿ ಜಾರಿರಲಿಲ್ಲ. ಆ ಬೆರಳು ಇರುವುದೇ ಹಾಗೆ. ಸುಧೀರನ ಅಂಗಡಿಯ ಐದನೇ ನಂಬರಿನಲ್ಲಿ ನೋಯುತ್ತಿದ್ದದ್ದೂ ಅದೇ ಬೆರಳು. ಅವನು ಹೆಬ್ಬೆರಳಿನವರೆಗೆ ಮಾತ್ರ ಅಳೆಯುತ್ತಾನೆ. ನಿಮ್ಮ ಜರ್ಮನ್ ಬೂಟಿನಲ್ಲಿ ಮೊದಲ ಬಾರಿಗೆ ಅದಕ್ಕೆ ಜಾಗ ಸಿಕ್ಕಿದೆ. ಅದಕ್ಕಾಗಿ ನಿಮಗೆ ಉಪಕಾರ ಹೇಳಬೇಕು.

ಆರೋಗ್ಯ ನೋಡಿಕೊಳ್ಳಿ. ಗೋಡೌನಿನ ಧೂಳಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಊರಿಗೆ ಬರುವ ವಿಷಯ ಈ ಕಾಗದದಲ್ಲೂ ನೀವು ಬರೆಯಲಿಲ್ಲ, ನಾನೂ ಕೇಳುವುದಿಲ್ಲ.

ಇಂತು,
ಪಂಕಜಾಕ್ಷಿ

ತಾ.ಕ.: ಈ ಕಾಗದವನ್ನು ಇನ್ನೊಮ್ಮೆ ಓದಿ ನೋಡಿ. ಟ್ಯಾಪಿಂಗಿನವರನ್ನು ನಾನು ಎಲ್ಲಿಯೂ "ಅವನು" ಎಂದು ಬರೆದಿಲ್ಲ. ಹೆಣ್ಣು ನೋಡಲು ಬಂದ ದಿನ ನಿಮ್ಮ ಅಮ್ಮ ನನ್ನ ಕಾಲು ನೋಡಿ, "ಎರಡನೇ ಬೆರಳು ಉದ್ದ ಉಂಟಲ್ಲ, ಇವಳು ಗಂಡನ ತಲೆ ಮೇಲೆ ಕೂರುತ್ತಾಳೆ" ಎಂದದ್ದು ನಿಮಗೆ ನೆನಪಿರಬಹುದು. ನೀವು ಆಗ, "ಚಪ್ಪಲಿ ಹಾಕಿದರೆ ಯಾರಿಗೆ ಕಾಣುತ್ತದೆ ಅಮ್ಮ?" ಎಂದು ನಗಿಸಿದ್ದಿರಿ. ಆ ಮಾತಿಗೇ ನಾನು ಒಪ್ಪಿದ್ದು. ಮುಂದಿನ ಜೋಡಿಗೆಂದು, ಒಣಗಿದ ಹಾಳೆಯಲ್ಲಿ ಕೊರೆದ ಹೊಸ ಪಾದವನ್ನು ಇದರೊಂದಿಗೆ ಇಟ್ಟಿದ್ದೇನೆ. ಈ ಸಲ ಕತ್ತರಿ ಹಾಕಬೇಡಿ.