ಹನ್ನೆರಡನೆಯ ಹೆಸರು

ಫೆ. 3, ಬೆಳಿಗ್ಗೆ 5.40
ಆಲ್ಕೊಳ ಸರ್ಕಲ್. ಭದ್ರಾವತಿ ಬಸ್ ಇನ್ನೂ ಬಂದಿಲ್ಲ. ಬ್ಯಾಸ್ಕೆಟ್‌ಬಾಲ್ ನ್ಯಾಷನಲ್ ಕ್ಲಬ್ ಚಾಂಪಿಯನ್‌ಶಿಪ್ ಗೆದ್ದು ಒಂಬತ್ತು ದಿನ. ಪ್ರಾಕ್ಟೀಸ್ ಮಾತ್ರ ಎಂದಿನಂತೆ ಆರೂವರೆಗೆ. ಗೆದ್ದವರು ಏಷ್ಯಾ ಅರ್ಹತಾ ಸುತ್ತಿಗೆ ಹೋಗಬೇಕು, ಕೊಲಂಬೊಗೆ. ಪಾಸ್‌ಪೋರ್ಟ್ ಫೋಟೊದಲ್ಲಿ ಪೊಲೀಸರು ಹಿಡಿದವಳ ಹಾಗೆ ಕಾಣುತ್ತೇನೆ. ಇರಲಿ.

ಫೆ. 5
ಕೋಚ್ ಶ್ರೀನಿವಾಸಮೂರ್ತಿ ಸರ್ ಹೇಳಿದರು — ಕೊಲಂಬೊಗೆ ಹೋಗುವ ಪಟ್ಟಿಯಲ್ಲಿ ಹನ್ನೆರಡೇ ಹೆಸರು. ಎತ್ತರದ ಇಬ್ಬರು ವಿದೇಶಿ ಆಟಗಾರ್ತಿಯರನ್ನು ಕ್ಲಬ್ ಕರೆಸುತ್ತಿದೆ. ನಿಯಮದಲ್ಲಿ ಅವಕಾಶ ಇದೆಯಂತೆ. ಅಂದರೆ ಗೆದ್ದ ಹನ್ನೆರಡು ಜನರಲ್ಲಿ ಇಬ್ಬರು ಮನೆಗೆ. ಒಬ್ಬಳು ಹೋದ ವರ್ಷ ಸೇರಿದ ಹುಡುಗಿ. ಇನ್ನೊಬ್ಬಳು ನಾನು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹನ್ನೊಂದು ವರ್ಷ ಈ ಕೋರ್ಟಿನಲ್ಲಿ ಓಡಿದ್ದೇನೆ. ತುಂಬ ಸಂಕಟವಾಯಿತು.

ಫೆ. 6
ವಿನೋಬನಗರ, ಸುಮನಾಳ ಮನೆ. ಫೈನಲ್‌ನಲ್ಲಿ ಕೊನೆಯ ಎರಡು ಫ್ರೀ ಥ್ರೋ ಹಾಕಿ ಗೆಲ್ಲಿಸಿದವಳು. ಅದಕ್ಕೆ ಮುಂಚೆ ಬಿದ್ದಾಗ ತಿರುಚಿದ ಮೊಣಕಾಲು ಇನ್ನೂ ಊದಿದೆ. ಮೆಟ್ಟಿಲನ್ನು ಕೂತು ಕೂತು ಇಳಿಯುತ್ತಾಳೆ. ಕ್ರೇಪ್ ಬ್ಯಾಂಡೇಜ್ ಸುತ್ತಿದೆ.
"ಮಾತ್ರೆ ನುಂಗಿ ಆಡ್ತೀನಿ. ಸರ್‌ಗೆ ಹೇಳ್ಬೇಡ ಮಾರಾಯ್ತಿ, ನನ್ನಾಣೆ."
"ಕಾಲು ಹೋದ್ರೆ?"
"ಕೊಲಂಬೊ ಆದ್ಮೇಲೆ ಹೋಗ್ಲಿ ಬಿಡು."
ಆಯ್ತು ಅಂದೆ.

ಫೆ. 10
ಸರ್ ಆಫೀಸ್ ರೂಮಿಗೆ ಕರೆದರು.
"ಸುಮನಾ ಕುಂಟ್ತಾಳಲ್ಲಮ್ಮ. ದಿನಾ ಒಟ್ಟಿಗೆ ಬರ್ತೀರ. ನಿಜ ಹೇಳು."
ಹೇಳಿದೆ. ಕೇಳದಿದ್ದದ್ದನ್ನೂ ಹೇಳಿದೆ — ಮಾತ್ರೆ, ಮೆಟ್ಟಿಲು, ಎಲ್ಲ. ಒಳ್ಳೆ ಕೆಲಸ ಮಾಡಿದೆ ಅಂದರು.

ಫೆ. 12
ಸ್ಕ್ಯಾನ್ ಆಯಿತು. ಲಿಗಮೆಂಟ್ ಹರಿದಿದೆ. ಆಡಿದ್ದರೆ ಮತ್ತೆಂದೂ ಓಡಲು ಆಗುತ್ತಿರಲಿಲ್ಲ ಎಂದರಂತೆ ಡಾಕ್ಟರ್. ಪಟ್ಟಿ ಬಂತು. ಸುಮನಾ ಇಲ್ಲ. ಹನ್ನೆರಡನೆಯದು — ಲಿಖಿತಾ. ನಾನು.

ಫೆ. 19
ಸುಮನಾ ಬಂದಿದ್ದಳು, ವಾಕರ್ ಹಿಡಿದು. ಬೈಯಲಿಲ್ಲ. ತನ್ನ ಹೊಸ ಶೂ ತಂದಿದ್ದಳು, ಇಬ್ಬರದೂ ಒಂದೇ ಅಳತೆ.
"ಹಾಕ್ಕೊ. ನೀ ಹೇಳಿದ್ದು ಸರಿನೇ, ಕಾಲು ಉಳೀತು. ಒಂದ್ ಮಾತು ಕೇಳ್ಲಾ ಲಿಖಿ? ನಿನ್ನ ಹೆಸರು ಮೊದ್ಲೇ ಪಟ್ಟೀಲಿ ಇದ್ದಿದ್ರೂ ಹೇಳ್ತಿದ್ಯಾ?"
ಹೂಂ ಅಂದೆ. ಆಟೊ ಹತ್ತಲು ಕೈ ಕೊಟ್ಟೆ. ಹಿಡಿದುಕೊಂಡಳು.

ಫೆ. 21, ಬೆಳಿಗ್ಗೆ 7
ಇವತ್ತು ಹೊರಡುವುದು. ಬ್ಯಾಗ್ ಕಟ್ಟಿಯಾಯಿತು.
'ಅವಳ ಕಾಲಿಗೋಸ್ಕರ ಹೇಳಿದೆ' ಎಂದು ಬರೆದೆ. ಹೊಡೆದು ಹಾಕಿದೆ. ಮತ್ತೆ ಬರೆದೆ. ಇದನ್ನು ಯಾರೂ ಓದುವುದಿಲ್ಲ, ಇಲ್ಲಿ ಸುಳ್ಳು ಯಾಕೆ... ಸರ್ ನಿಜ ಹೇಳು ಅಂದ ಆ ಹೊತ್ತಿನಲ್ಲಿ ಅವಳ ಮೊಣಕಾಲು ನೆನಪಿಗೇ ಬರಲಿಲ್ಲ. ನೆನಪಾದದ್ದು ಪಟ್ಟಿಯಲ್ಲಿ ಖಾಲಿಯಾಗುವ ಒಂದು ಜಾಗ.