ಕೆಟ್ಟ ಸಾಮಾನು ಕೇಳಿದ ಸಾಹೇಬರಿಗೆ

ಆಂಬುಲೆನ್ಸಿನ ಕೀಲಿಯನ್ನು ಕಪಾಟಿನಲ್ಲಿಟ್ಟು ಕಾಯುತ್ತಿರುವ ಮಾನ್ಯರೇ,

ಚೆನ್ನಾಗಿ ಓಡುವ ಆಂಬುಲೆನ್ಸ್ ಒಂದನ್ನು ತಾವು ಹದಿನೆಂಟು ದಿನಗಳಿಂದ ತಮ್ಮ ಆರೋಗ್ಯ ಇಲಾಖೆ ಕಚೇರಿಯ ಹಿಂದಿನ ಬೇವಿನ ಮರದ ಕೆಳಗೆ ನಿಲ್ಲಿಸಿಕೊಂಡಿದ್ದೀರಿ. ಅದನ್ನು ರಿಪೇರಿ ಮಾಡಿದವನು ನಾನು, ಶಹಾಪುರದ ಮೆಕ್ಯಾನಿಕ್. ರಿಪೇರಿ ಆಗಿಲ್ಲವೆಂದು ಬರೆದವರು ತಾವು. ನಮ್ಮಿಬ್ಬರಲ್ಲಿ ಎಂಜಿನ್ ನೋಡಿದವರು ಯಾರೆಂದು ಓದುಗರೇ ಊಹಿಸಲಿ.

ಆಯುಧ ಪೂಜೆಗೆ ವಾಹನಗಳೆಲ್ಲ ಫಳಫಳ ಹೊಳೆಯಬೇಕೆಂದು ಆಜ್ಞೆ ಮಾಡಿದವರು ತಾವೇ. ಡ್ರೈವರ್ ಮರಿಲಿಂಗ ಬಾನೆಟ್ ಎತ್ತಿ, ಎಂಜಿನ್ನಿಗೂ ಪೈಪು ಹಿಡಿದು ಸ್ನಾನ ಮಾಡಿಸಿ, ವಿಭೂತಿ ಹಚ್ಚಿದ. ಮರುವಾರದಿಂದ ಗಾಡಿ ನಡುದಾರಿಯಲ್ಲೇ ಬಂದ್ ಆಗತೊಡಗಿತು. ನಾನು ಸ್ಟೇರಿಂಗಿನ ಕೆಳಗಿನ ಸಾಕೆಟ್ಟಿಗೆ ಕೇಬಲ್ ಸಿಕ್ಕಿಸಿ ಲ್ಯಾಪ್‌ಟಾಪ್ ಜೋಡಿಸಿದೆ. ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರಿಗೆ ತಮ್ಮಂತೆ ಮರೆವಿಲ್ಲ. ಆದ ತೊಂದರೆಯನ್ನೆಲ್ಲ ನೆನಪಿಟ್ಟುಕೊಂಡು ಹೇಳುತ್ತದೆ. ಒಂದು ಸೆನ್ಸರಿನಿಂದ ಸುದ್ದಿಯೇ ಬರುತ್ತಿಲ್ಲ ಎಂದಿತು. ತೆಗೆದು ನೋಡಿದರೆ ಸೆನ್ಸರ್ ಗಟ್ಟಿಮುಟ್ಟಾಗಿದೆ. ಅದಕ್ಕೆ ಸಿಕ್ಕಿಸುವ ವೈರಿನ ತುದಿಯಲ್ಲಿ ಪೂಜೆಯ ನೀರು ನಿಂತು ಹಸಿರು ಕಿಲುಬು ಕಟ್ಟಿತ್ತು. ಕೆರೆದು, ಒಣಗಿಸಿ, ಮತ್ತೆ ಸಿಕ್ಕಿಸಿದೆ. ಸುರಪುರದವರೆಗೆ ಓಡಿಸಿಕೊಂಡು ಬಂದು ಕೇಬಲ್ ಹಾಕಿದಾಗ ಒಂದು ದೋಷವೂ ಇರಲಿಲ್ಲ.

ತಮ್ಮೆದುರು ಲ್ಯಾಪ್‌ಟಾಪ್ ತೆರೆದಿಟ್ಟೆ. ತಾವು ಅದರ ಕಡೆ ಕಣ್ಣೂ ಹಾಯಿಸಲಿಲ್ಲ.

“ಹಳೇ ಸಾಮಾನು ಎಲ್ಲಿ ಅದರಿ?”

“ಸಾಮಾನು ಕೆಟ್ಟಿಲ್ರಿ ಸಾಹೇಬ್ರ, ವೈರಿಗೆ ಕಿಲುಬು ಹಿಡದಿತ್ತು. ಕಂಪ್ಯೂಟರಿನಾಗ ಎಲ್ಲಾ ಬಂದದ, ನೋಡ್ರಿ.”

“ಅದನ್ನ ಸ್ಟೋರಿನಾಗ ಇಡಾಕ ಬರ್ತದೇನು? ಕೆಟ್ಟ ಸಾಮಾನು ಜಮಾ ಆಗೂತನಕ ಗಾಡಿ ರಿಪೇರಿ ಆಗಿಲ್ಲ.”

ಎಂಥ ಅಗಾಧ ಜ್ಞಾನ! ಹಾಗಾದರೆ ಜ್ವರ ಬಿಟ್ಟ ರೋಗಿಯನ್ನು ಮನೆಗೆ ಕಳಿಸುವ ಮುನ್ನ ಡಾಕ್ಟರು ಆ ಜ್ವರವನ್ನು ಚೀಲದಲ್ಲಿ ಕಟ್ಟಿ ಒಪ್ಪಿಸಬೇಕೆ? ಈ ನಿಯಮ, ಸಾಮಾನು ಬದಲಿಸದೆಯೇ ಬಿಲ್ಲು ಬರೆಯುವ ಕಳ್ಳ ಮೆಕ್ಯಾನಿಕ್‌ಗಳನ್ನು ಹಿಡಿಯಲು ಮಾಡಿದ್ದಂತೆ. ಹಿಡಿದದ್ದು ಯಾರನ್ನು? ಮರುದಿನ ಕೆರೆದ ಕಿಲುಬನ್ನೇ ಕಾಗದದಲ್ಲಿ ಮಡಚಿ ತಂದುಕೊಟ್ಟೆ. ಬಿಚ್ಚಿದ ಕೂಡಲೇ ಫ್ಯಾನಿನ ಗಾಳಿಗೆ ಹಾರಿತು. ತಾವು ಮೇಜು ಒರೆಸಿಕೊಂಡಿರಿ.

ಹೊರಗೆ ಮರಿಲಿಂಗ ಹೇಳಿದ, “ಒಂದು ಚಲೋ ಸಾಮಾನೇ ಒಡದು ಕೊಟ್ಟುಬಿಡೋ. ಎಲ್ಲಾರೂ ಹಂಗೇ ಮಾಡ್ತಾರ.”

“ಇಪ್ಪತ್ತು ವರ್ಷದಾಗ ಚಲೋ ಸಾಮಾನಿಗೆ ಕೆಟ್ಟದ ಅಂತ ಹೇಳಿಲ್ಲ. ಈಗ್ಯಾಕ ಹೇಳಲಿ?” ಎಂದು ಅವನ ಮೇಲೆ ರೇಗಿದೆ. ನನಗೂ ಜಂಬ ಇತ್ತು, ಒಪ್ಪುತ್ತೇನೆ.

ಶಿರವಾಳದ ಹಂಪಮ್ಮನನ್ನು ತಾವು ನೋಡಿಲ್ಲ. ವಾರಕ್ಕೆ ಎರಡು ಸಲ ಯಾದಗಿರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡರೆ ಮಾತ್ರ ಆಕೆಯ ಜೀವ ಉಳಿಯುತ್ತದೆ. ಮನೆ ಬಾಗಿಲಿನಿಂದ ಆಕೆಯನ್ನು ಕರೆದೊಯ್ಯುತ್ತಿದ್ದದ್ದು ಇದೇ ಗಾಡಿ. ಈಗ ಊದಿದ ಕಾಲಲ್ಲಿ ಎರಡು ಬಸ್ಸು ಬದಲಿಸುತ್ತಾಳೆ. ಕಳೆದ ಗುರುವಾರ ಶಹಾಪುರದಲ್ಲಿ ಬಸ್ಸು ತಪ್ಪಿ, ನನ್ನ ಗ್ಯಾರೇಜಿನ ಕಟ್ಟೆಯ ಮೇಲೆ ಕುಸಿದು ಕುಳಿತಳು. ಅಂದಿನ ಡಯಾಲಿಸಿಸ್ ತಪ್ಪಿತು.

“ಗಾಡಿ ರಿಪೇರಿ ಆಗೇದೇನೋ ತಮ್ಮಾ?”

“ಆಗೇದ ಯವ್ವಾ.”

“ಮತ್ತ ಯಾಕ ಬರವಲ್ದು?”

ತಾವಾಗಿದ್ದರೆ ಏನು ಹೇಳುತ್ತಿದ್ದಿರಿ?

ಇವತ್ತು ಬೆಳಿಗ್ಗೆ ನನ್ನ ಅಂಗಡಿಯಲ್ಲಿದ್ದ, ಅದೇ ಮಾದರಿಯ ಹೊಸ ಸೆನ್ಸರ್ ಒಂದನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದೆ. ಮೊದಲ ಏಟಿಗೆ ಒಡೆಯಲಿಲ್ಲ, ಅಷ್ಟು ಚಲೋ ಇತ್ತು. ಚೂರುಗಳನ್ನು ತಮ್ಮ ಸ್ಟೋರಿಗೆ ಜಮಾ ಮಾಡಿದ್ದೇನೆ. ಗುಮಾಸ್ತರು ಸಂತೋಷದಿಂದ ಸಹಿ ಮಾಡಿಕೊಂಡರು.

ತಾವು ಕೇಳಿದ ಸುಳ್ಳು ತಮಗೆ ಸಿಕ್ಕಿತು. ಹಂಪಮ್ಮನ ಮುಂದಿನ ಪಾಳಿ ಸೋಮವಾರ. ಅಷ್ಟರೊಳಗೆ ಕಪಾಟು ತೆಗೆದು ಮರಿಲಿಂಗನ ಕೈಗೆ ಕೀಲಿ ಕೊಡಿ.

ಇಂತಿ,
ಇಪ್ಪತ್ತು ವರ್ಷ ಕೆಟ್ಟದ್ದನ್ನು ಸರಿಮಾಡಿ, ಇವತ್ತು ಸರಿ ಇದ್ದದ್ದನ್ನು ಕೆಡಿಸಿದ
ಮೆಕ್ಯಾನಿಕ್ ಶಿವಶರಣ, ಶಹಾಪುರ